ಬಂದ ಮೇಲೆ ನಿಯಮ ಬದಲಾದರೆ

ಸಂಘದ ಬಂಧುಗಳಿಗೆಲ್ಲ ನಮಸ್ಕಾರ.

2026ರ ಫೆಬ್ರುವರಿ 12. ಮೊದಲು ಈ ತಾರೀಕನ್ನು ಫೋನಿನಲ್ಲಿ ಹಾಕಿಟ್ಟುಕೊಳ್ಳಿ, ಆಮೇಲೆ ಮುಂದೆ ಓದಿ. ಬ್ರಿಟನ್ನಿನಲ್ಲಿ ಕಾಯಂ ನೆಲೆಸುವ ನಿಯಮಗಳನ್ನು ಬದಲಾಯಿಸುವ ಬಗ್ಗೆ ಇಲ್ಲಿನ ಗೃಹ ಇಲಾಖೆಯಾದ ಹೋಮ್ ಆಫೀಸ್ ಜನರ ಅಭಿಪ್ರಾಯ ಕೇಳಿದೆ. ಅದನ್ನು ಕಳಿಸಲು ಅವತ್ತೇ ಕೊನೆ ದಿನ. ಸಂಕ್ರಾಂತಿ ಕಾರ್ಯಕ್ರಮದ ವರದಿ, ಮಕ್ಕಳ ಫೋಟೋಗಳು ಎಲ್ಲ ಒಳಪುಟಗಳಲ್ಲಿವೆ. ಈ ಜಾಗವನ್ನು ಮಾತ್ರ ಪೂರ್ತಿ ಈ ವಿಷಯಕ್ಕೇ ಇಟ್ಟಿದ್ದೇನೆ, ಯಾಕೆಂದರೆ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತವರು ಮಾತಾಡಿದ್ದು ಹೆಚ್ಚುಕಮ್ಮಿ ಇದೊಂದನ್ನೇ.

ಇಲ್ಲಿಯವರೆಗಿನ ಲೆಕ್ಕ ನಮಗೆಲ್ಲ ಬಾಯಿಪಾಠ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಐದು ವರ್ಷ, ಆಮೇಲೆ ಐಎಲ್‌ಆರ್ (ಕಾಯಂ ನೆಲೆಸುವ ಅನುಮತಿ), ಅದಾಗಿ ಒಂದು ವರ್ಷಕ್ಕೆ ಪೌರತ್ವದ ಅರ್ಜಿ. 2025ರ ಮೇ 12ರಂದು ಸರ್ಕಾರ ಶ್ವೇತಪತ್ರ ತಂದು ಆ ಐದನ್ನು ಹತ್ತು ಮಾಡುತ್ತೇವೆ ಅಂದಿತು. ನವೆಂಬರ್ 20ರಂದು ಹೋಮ್ ಸೆಕ್ರೆಟರಿ ಶಬಾನಾ ಮಹಮೂದ್ ವಿವರ ಹೇಳಿದರು. ಹತ್ತು ಅನ್ನುವುದು ಶುರುವಿನ ಲೆಕ್ಕ, ಅಲ್ಲಿಂದ ಕೂಡಿಸುವುದು ಕಳೆಯುವುದು. ಮೂರು ವರ್ಷ 50,270 ಪೌಂಡ್ ಆದಾಯವಿದ್ದರೆ ಐದು ವರ್ಷ ಕಡಿತ, 1,25,140 ಇದ್ದರೆ ಏಳು ವರ್ಷ ಕಡಿತ, ಇಂಗ್ಲಿಷ್‌ನಲ್ಲಿ ಸಿ1 ಅನ್ನುವ ಮೇಲಿನ ಮಟ್ಟ ಮುಟ್ಟಿದರೆ ಒಂದು ವರ್ಷ. ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಡಾಕ್ಟರು, ನರ್ಸುಗಳಿಗೆ ಐದೇ ವರ್ಷ ಅಂದಿದ್ದಾರೆ. ಪದವಿ ಮಟ್ಟಕ್ಕಿಂತ ಕೆಳಗಿನದು ಅಂತ ವಿಂಗಡಿಸಿದ ಕೆಲಸಗಳಿಗೆ, ಕೇರ್ ವರ್ಕರ್‌ಗಳೂ ಸೇರಿ, 15 ವರ್ಷ. ಸರ್ಕಾರದ ಬೆನಿಫಿಟ್ಸ್ (ಸಹಾಯಧನ) ತೆಗೆದುಕೊಂಡಿದ್ದರೆ ಅದರ ಮೇಲೆ ಐದೋ ಹತ್ತೋ ಸೇರುತ್ತದೆ. ಈಗಾಗಲೇ ಐಎಲ್‌ಆರ್ ಕೈಗೆ ಬಂದವರಿಗೆ ಇದು ಅನ್ವಯಿಸುವುದಿಲ್ಲ. ಬ್ರಿಟಿಷ್ ಪೌರರನ್ನು ಮದುವೆಯಾಗಿ ಬಂದವರಿಗೂ ಮೊದಲಿನಂತೆ ಐದೇ ವರ್ಷ.

ಇದರಲ್ಲಿ ನನ್ನ ತಕರಾರು ಹತ್ತು ವರ್ಷದ ಬಗ್ಗೆ ಅಲ್ಲ. ಯಾವ ದೇಶವಾದರೂ ಮುಂದೆ ಬರುವವರಿಗೆ ತನ್ನ ಷರತ್ತು ಹಾಕಿಕೊಳ್ಳಬಹುದು. ಬರುವವರು ಅದನ್ನು ನೋಡಿ ಬರಬೇಕೋ ಬೇಡವೋ ತೀರ್ಮಾನ ಮಾಡುತ್ತಾರೆ. ಆದರೆ ಈ ಪ್ರಸ್ತಾವವನ್ನು ಈಗಾಗಲೇ ಬಂದು, ಮೂರೋ ನಾಲ್ಕೋ ವರ್ಷ ಕಳೆದು, ತೆರಿಗೆ ಕಟ್ಟಿ, ಮಕ್ಕಳನ್ನು ಸ್ಕೂಲಿಗೆ ಹಾಕಿರುವವರ ಮೇಲೂ ಹಾಕಬೇಕು ಅಂತಿದ್ದಾರಲ್ಲ, ಅದು ನ್ಯಾಯವಲ್ಲ. ಅವರು ಐದು ವರ್ಷ ಅಂತ ನಂಬಿಯೇ ಅಲ್ಲಿನ ಕೆಲಸ ಬಿಟ್ಟು ಬಂದದ್ದು. 2026ರ ಏಪ್ರಿಲ್‌ನಿಂದಲೇ ಬದಲಾವಣೆ ಶುರು ಅನ್ನುತ್ತಿದ್ದಾರೆ. ಸರ್ಕಾರದ್ದೇ ಅಂದಾಜಿನಂತೆ 2026ರಿಂದ 2030ರೊಳಗೆ ಸುಮಾರು 16 ಲಕ್ಷ ಜನ ಇಲ್ಲಿ ನೆಲೆಸುವ ಹಕ್ಕು ಪಡೆಯಬೇಕಿತ್ತು. ಅವರಲ್ಲಿ ನಮ್ಮ ಸಂಘದ ಎಷ್ಟೋ ಮನೆಗಳಿವೆ.

ಸಂಬಳದ ಗೆರೆಯನ್ನೇ ನೋಡಿ. 2025ರ ಜುಲೈನಿಂದ ಸ್ಕಿಲ್ಡ್ ವರ್ಕರ್ ವೀಸಾಗೆ ಸಾಮಾನ್ಯವಾಗಿ 41,700 ಪೌಂಡ್ ಸಂಬಳ ಬೇಕು. ಅಷ್ಟಿದ್ದರೆ ನೀವು ಈ ದೇಶಕ್ಕೆ ಬೇಕಾದ ಪರಿಣತರು. ಆದರೆ ಐದು ವರ್ಷದಲ್ಲಿ ನೆಲೆಸಲು 50,270 ಇರಬೇಕು. ಎರಡರ ನಡುವೆ ಸಿಕ್ಕಿಕೊಂಡವರು ಯಾರು? ಲಂಡನ್ ಬಿಟ್ಟು ಹೊರಗೆ ಸಣ್ಣ ಕಂಪನಿಗಳಲ್ಲಿ ಕೆಲಸ ಮಾಡುವವರು, ಲ್ಯಾಬ್‌ಗಳಲ್ಲಿ ಇರುವವರು, ಓದು ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗರು. ಇವರು ಕೆಲಸದಲ್ಲಿ ಯಾರಿಗೂ ಕಡಿಮೆಯಿಲ್ಲ, ಸಂಬಳ ಮಾತ್ರ ಕಡಿಮೆ.

ನನಗೆ ಜಾಸ್ತಿ ಚಿಂತೆಯಾಗಿರುವುದು ಮನೆಯಲ್ಲಿರುವ ಹೆಣ್ಣುಮಕ್ಕಳ ವಿಷಯ. ಇಲ್ಲಿಯವರೆಗೆ ಗಂಡನಿಗೆ ಐಎಲ್‌ಆರ್ ಸಿಗುವ ಹೊತ್ತಿಗೆ, ಐದು ವರ್ಷ ಇಲ್ಲಿದ್ದರೆ, ಹೆಂಡತಿಗೂ ಸಿಗುತ್ತಿತ್ತು. ಹೊಸ ಪ್ರಸ್ತಾವದಲ್ಲಿ ಡಿಪೆಂಡೆಂಟ್ ಆಗಿ ಬಂದ ಗಂಡನೋ ಹೆಂಡತಿಯೋ ತಮ್ಮ ಅರ್ಹತೆಯನ್ನು ತಾವೇ ಗಳಿಸಬೇಕು. ಅದರ ಜೊತೆಗೆ ಕನಿಷ್ಠ ಮೂರರಿಂದ ಐದು ವರ್ಷ, ವರ್ಷಕ್ಕೆ 12,570 ಪೌಂಡಿಗಿಂತ ಹೆಚ್ಚು ದುಡಿದಿರಬೇಕು ಅನ್ನುವ ಷರತ್ತೂ ಚರ್ಚೆಯಲ್ಲಿದೆ. ದಾವಣಗೆರೆ ಕಡೆಯ ಒಬ್ಬ ತಂಗಿ, ಬೆಂಗಳೂರಿನಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದವಳು, ಎರಡು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿ ಮನೆಯಲ್ಲಿದ್ದಾಳೆ. ನರ್ಸರಿ ಫೀಸಿಗೆ ಅವಳ ಸಂಬಳ ಪೂರ್ತಿ ಹೋಗುತ್ತಿತ್ತು, ಹಾಗಾಗಿ ಗಂಡ ಹೆಂಡತಿ ಕೂತು ಲೆಕ್ಕ ಹಾಕಿಯೇ ಆ ತೀರ್ಮಾನ ತೆಗೆದುಕೊಂಡಿದ್ದರು. "ಮಕ್ಕಳಿಗೋಸ್ಕರ ಕೆಲಸ ಬಿಟ್ಟೆ ಅಕ್ಕಾ, ಈಗ ಅದನ್ನೇ ನಾನು ಏನೂ ಮಾಡ್ಲಿಲ್ಲ ಅಂತ ಲೆಕ್ಕ ಹಿಡೀತಾರಾ?" ಅಂತ ಕೇಳಿದಳು. ಕೈಯಲ್ಲಿ ಚಿಕ್ಕದು ನಿದ್ದೆ ಮಾಡುತ್ತಿತ್ತು, ದೊಡ್ಡದು ಅವಳ ಸೀರೆ ಸೆರಗು ಎಳೆಯುತ್ತಿತ್ತು. ಈ ಪ್ರಶ್ನೆಯನ್ನು ಅವಳು ನನಗಲ್ಲ, ಹೋಮ್ ಆಫೀಸಿಗೆ ಕೇಳಬೇಕು. ಕೇಳಲು ಈಗ ಅವಕಾಶವಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದುಡ್ಡಿನ ಮಾತೂ ಆಡಿಬಿಡೋಣ. ವೀಸಾದಲ್ಲಿರುವವರು ಎನ್‌ಎಚ್‌ಎಸ್‌ಗಾಗಿ ಕಟ್ಟುವ ಇಮಿಗ್ರೇಷನ್ ಹೆಲ್ತ್ ಸರ್‌ಚಾರ್ಜ್ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಗಂಡ, ಹೆಂಡತಿ, ಎರಡು ಮಕ್ಕಳ ಸಂಸಾರಕ್ಕೆ ವರ್ಷಕ್ಕೆ 3,622. ಐದು ವರ್ಷ ಜಾಸ್ತಿ ಕಾಯಬೇಕಾದರೆ ಬರೀ ಇದೊಂದಕ್ಕೇ 18,110 ಪೌಂಡ್, ವೀಸಾ ಫೀಸು ಬೇರೆ. ಸಂಬಳದಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಮುರಿದುಕೊಂಡ ಮೇಲೆ ಕಟ್ಟುವ ದುಡ್ಡು ಇದು. ಮನೆಗೆ ಡಿಪಾಸಿಟ್ ಕೂಡಿಡುತ್ತಿದ್ದವರ ಕನಸು ಇಲ್ಲೇ ಅರ್ಧ ಕರಗುತ್ತದೆ.

ಮಕ್ಕಳ ಓದಿನದು ಇನ್ನೊಂದು ಸಂಕಟ. 12ನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಬಂದ ಮಗು ಅಂದುಕೊಳ್ಳಿ. ಐದು ವರ್ಷದ ನಿಯಮದಲ್ಲಿ 17ಕ್ಕೆ ಐಎಲ್‌ಆರ್, 18ಕ್ಕೆ ಇಂಗ್ಲೆಂಡಿನ ಯೂನಿವರ್ಸಿಟಿಯಲ್ಲಿ ಇಲ್ಲಿಯವರ ಫೀಸು, 2025-26ರ ಸಾಲಿನಲ್ಲಿ ಅದು ವರ್ಷಕ್ಕೆ 9,535 ಪೌಂಡ್. ಸ್ಟೂಡೆಂಟ್ ಲೋನೂ ಸಿಗುತ್ತದೆ. ಅಪ್ಪನ ಸಂಬಳ ಆ ಗೆರೆ ಮುಟ್ಟದೆ ಹತ್ತು ವರ್ಷ ಆಯಿತೆಂದರೆ ಆ ಮಗು ಕಾಲೇಜು ಸೇರುವಾಗ ಸಾಮಾನ್ಯವಾಗಿ ವಿದೇಶಿ ವಿದ್ಯಾರ್ಥಿ. ಫೀಸು ಎರಡು ಮೂರು ಪಟ್ಟು, ಲೋನ್ ಇಲ್ಲ. ಇಲ್ಲೇ ಹತ್ತನೇ ಕ್ಲಾಸಿನಂಥ ಜಿಸಿಎಸ್‌ಇ ಪರೀಕ್ಷೆ ಬರೆದ ಮಗುವಿಗೆ ಅದನ್ನು ಹೇಗೆ ವಿವರಿಸುವುದು? ಇಲ್ಲೇ ಹುಟ್ಟಿದ ಮಕ್ಕಳಿಗೆ ಒಂದು ದಾರಿ ಮೊದಲಿನಿಂದಲೂ ಇದೆ, ಗೊತ್ತಿಲ್ಲದವರು ಗಮನಿಸಿ. ಹುಟ್ಟಿದ್ದಕ್ಕೇ ಪೌರತ್ವ ಸಿಗುವುದು 1983ರಿಂದ ನಿಂತಿದೆ, ನಿಜ. ಆದರೆ ಇಲ್ಲಿ ಹುಟ್ಟಿ ಮೊದಲ ಹತ್ತು ವರ್ಷ ಇಲ್ಲೇ ಬೆಳೆದ ಮಗು ಅಪ್ಪ ಅಮ್ಮನ ವೀಸಾ ಏನೇ ಇರಲಿ, ತಾನೇ ಬ್ರಿಟಿಷ್ ಪೌರತ್ವಕ್ಕೆ ನೋಂದಾಯಿಸಿಕೊಳ್ಳಬಹುದು. ಯಾವ ವರ್ಷವೂ 90 ದಿನಕ್ಕಿಂತ ಜಾಸ್ತಿ ದೇಶದ ಹೊರಗಿರದಂತೆ ನೋಡಿಕೊಳ್ಳಿ. ರಜಕ್ಕೆ ಅಜ್ಜಿ ಮನೆಗೆ ಕಳಿಸುವಾಗ ಇದು ನೆನಪಿರಲಿ.

ದಿನ ಎಣಿಸುವುದು ದೊಡ್ಡವರಿಗೂ ತಪ್ಪಿದ್ದಲ್ಲ. ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ಹೊರಗಿರಬಾರದು. ಊರಿನಲ್ಲಿ ತಂದೆಗೆ ಸ್ಟ್ರೋಕ್ ಆದಾಗ ಟಿಕೆಟ್ ಬುಕ್ ಮಾಡುವ ಮೊದಲು ಎಕ್ಸೆಲ್ ಶೀಟ್ ತೆಗೆದು ದಿನ ನೋಡಿದ ಹುಡುಗನೊಬ್ಬ ನಮ್ಮಲ್ಲಿದ್ದಾನೆ. ಹಳೇ ಬೋರ್ಡಿಂಗ್ ಪಾಸು, ವರ್ಷದ ತೆರಿಗೆ ಲೆಕ್ಕದ ಪಿ60, ಪೇಸ್ಲಿಪ್ ಎಲ್ಲ ಒಂದು ಫೈಲಿನಲ್ಲಿ ವರ್ಷವಾರು ಜೋಡಿಸಿಟ್ಟಿದ್ದಾನೆ. ಐದು ವರ್ಷ ಹೀಗೆ ಬದುಕುವುದು ಕಷ್ಟವಾದರೂ ಜನ ಹೊಂದಿಕೊಂಡಿದ್ದರು, ಕೊನೆ ಯಾವತ್ತು ಅಂತ ಗೊತ್ತಿತ್ತಲ್ಲ. ಈಗ ಅದೇ ಗೊತ್ತಿಲ್ಲ. ಮನೆ ತಗೊಳ್ಳೋದಾ ಬೇಡವಾ, ಕೆಲಸ ಬದಲಾಯಿಸೋದಾ, ಇನ್ನೊಂದು ಮಗು ಮಾಡಿಕೊಳ್ಳೋದಾ, ವಾಪಸ್ ಹೋಗೋದಾದರೆ ಮಕ್ಕಳಿಗೆ ಕನ್ನಡ ಓದೋಕೆ ಬರಲ್ಲ, ಅಲ್ಲಿ ಯಾವ ಸ್ಕೂಲಿಗೆ ಹಾಕೋದು. ಎಲ್ಲ ಮಾತೂ ಏಪ್ರಿಲ್‌ಗೆ ಬಂದು ನಿಲ್ಲುತ್ತದೆ.

ಇದು ಹೊಸ ಕಥೆ ಅಲ್ಲ, ಅದನ್ನು ನಾನು ಹೇಳಲೇಬೇಕು. ನಾನು ಬಂದದ್ದು ಎಚ್‌ಎಸ್‌ಎಂಪಿಯಲ್ಲಿ, ಅಂದರೆ ಹೆಚ್ಚಿನ ಪರಿಣತಿ ಇದ್ದವರಿಗೆ ಆಗ ಇದ್ದ ವೀಸಾ ಯೋಜನೆಯಲ್ಲಿ. 2006ರ ಏಪ್ರಿಲ್‌ನಲ್ಲಿ ಕಾಯಂ ನೆಲೆಸಲು ನಾಲ್ಕು ವರ್ಷವಿದ್ದದ್ದನ್ನು ಐದು ಮಾಡಿದರು, ನವೆಂಬರ್‌ನಲ್ಲಿ ವೀಸಾ ಮುಂದುವರಿಸುವ ನಿಯಮವನ್ನೇ ಬದಲಾಯಿಸಿದರು, ಅದೂ ಆಗಲೇ ಇಲ್ಲಿದ್ದವರಿಗೂ ಸೇರಿಸಿ. ನಮ್ಮಂಥವರು ಸೇರಿ ಕಟ್ಟಿದ ಎಚ್‌ಎಸ್‌ಎಂಪಿ ಫೋರಂ ಕೋರ್ಟಿಗೆ ಹೋಯಿತು. 2008ರ ಏಪ್ರಿಲ್‌ನಲ್ಲಿ ಹೈಕೋರ್ಟ್, ಹಳೇ ನಿಯಮ ನಂಬಿ ಬಂದವರ ಮೇಲೆ ಹೊಸದನ್ನು ಹೇರುವುದು ಕಾನೂನಿಗೆ ವಿರುದ್ಧ ಅಂದಿತು. 2009ರಲ್ಲಿ ನಾಲ್ಕು ಐದರ ವಿಷಯದಲ್ಲೂ ಫೋರಂ ಗೆದ್ದಿತು. ಅದರ ಮೇಲೆ ಈಗ ಕಣ್ಣುಮುಚ್ಚಿ ಭರವಸೆ ಇಡಬೇಡಿ. ಆಗ ಸರ್ಕಾರದ ಮಾರ್ಗದರ್ಶಿಯಲ್ಲೇ, ಒಳಗಿರುವವರಿಗೆ ನಿಯಮ ಬದಲಾದರೂ ತೊಂದರೆಯಿಲ್ಲ ಅನ್ನುವ ಮಾತು ಬರೆದಿತ್ತು, ಕೇಸು ನಿಂತದ್ದು ಅದರ ಬಲದ ಮೇಲೆ. ಆದರೂ ಒಂದಾಗಿ ನಿಂತರೆ ಏನಾಗಬಹುದು ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. 2009ರ ಕಾಯಿದೆಯಲ್ಲಿ "ಗಳಿಸಿಕೊಳ್ಳುವ ಪೌರತ್ವ" ಅಂತ ದೊಡ್ಡ ವ್ಯವಸ್ಥೆಯನ್ನೇ ಬರೆದಿದ್ದರು. ಅದು ಜಾರಿಗೇ ಬರಲಿಲ್ಲ, ಮುಂದಿನ ಸರ್ಕಾರ ಕೈಬಿಟ್ಟಿತು. ಘೋಷಣೆ ಆಗಿದ್ದೆಲ್ಲ ನಿಯಮ ಆಗಿಬಿಟ್ಟಿತು ಅಂತ ಈಗಲೇ ಕುಸಿಯಬೇಕಿಲ್ಲ.

ನಮ್ಮಲ್ಲಿ ಪಾಸ್‌ಪೋರ್ಟ್ ಕೈಗೆ ಬಂದು ಎಷ್ಟೋ ವರ್ಷವಾದವರಿಗೆ ಒಂದು ಮಾತು. "ನಾವೂ ಕಾದಿದ್ದೆವು, ಅವರೂ ಕಾಯಲಿ" ಅನ್ನುವುದನ್ನು ಊಟದ ಸಾಲಿನಲ್ಲಿ ನಾನು ಕೇಳಿಸಿಕೊಂಡೆ, ಬೇಜಾರಾಯಿತು. ನಾವು ಕಾದದ್ದು ಎಷ್ಟು ದಿನ ಅಂತ ಗೊತ್ತಿದ್ದುಕೊಂಡು. ಮಧ್ಯದಲ್ಲಿ ಬದಲಾಯಿಸಿದಾಗ ನಾವು ಸುಮ್ನೆ ಕೂರಲಿಲ್ಲ. ಇವತ್ತು ದಸರಾ ಗೊಂಬೆ ಕೂರಿಸುವವರು, ಕನ್ನಡ ಕಲಿ ತರಗತಿಯಲ್ಲಿ ಪಾಠ ಹೇಳುವವರು, ಹಾಲ್‌ನಲ್ಲಿ ಕುರ್ಚಿ ಜೋಡಿಸುವವರು ಹೆಚ್ಚಾಗಿ ವೀಸಾದಲ್ಲಿರುವ ಹುಡುಗ ಹುಡುಗಿಯರೇ ಅಲ್ವಾ. ಅವರ ಪರವಾಗಿ ಒಂದು ಪತ್ರ ಬರೆಯಲು ನಮಗೇನು ಅಡ್ಡಿ?

ವೀಸಾದಲ್ಲಿರುವವರಿಗೆ ಇನ್ನೊಂದು ಗೊತ್ತಿರಲಿ. ಭಾರತದ ಪಾಸ್‌ಪೋರ್ಟ್ ಇದ್ದರೂ, ಕಾಮನ್‌ವೆಲ್ತ್ ದೇಶದವರು ಅನ್ನುವ ಕಾರಣಕ್ಕೆ, ನಮಗೆ ಇಲ್ಲಿ ಮತ ಹಾಕುವ ಹಕ್ಕಿದೆ. ಪಾರ್ಲಿಮೆಂಟ್ ಚುನಾವಣೆಗೂ ಇದೆ. ಹೆಸರು ನೋಂದಾಯಿಸಿಕೊಂಡರೆ ಸಾಕು. ನಿಮ್ಮ ಎಂಪಿಗೆ ಬರೆಯುವಾಗ ಮತದಾರರಾಗಿ, ಮನೆ ವಿಳಾಸ ಹಾಕಿ ಬರೆಯಿರಿ. ಐದು ವರ್ಷವನ್ನೇ ಉಳಿಸಿ ಅನ್ನುವ ಅರ್ಜಿಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದರಿಂದಲೇ 2025ರ ಸೆಪ್ಟೆಂಬರ್ 8ರಂದು ಪಾರ್ಲಿಮೆಂಟಿನ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಚರ್ಚೆ ಆಯಿತು. ಎಲ್ಲರೂ ಒಂದೇ ಪತ್ರ ನಕಲು ಮಾಡಿ ಕಳಿಸಬೇಡಿ. ನಿಮ್ಮ ಕೆಲಸ, ನೀವು ಬಂದ ವರ್ಷ, ನಿಮ್ಮ ಮಕ್ಕಳ ತರಗತಿ, ಹತ್ತು ವರ್ಷ ಆದರೆ ನಿಮ್ಮ ಮನೆಯಲ್ಲಿ ಏನಾಗುತ್ತದೆ, ಇಷ್ಟು ಬರೆದರೆ ಸಾಕು. ಈಗಾಗಲೇ ಬಂದವರಿಗೆ ಹಳೇ ನಿಯಮ ಉಳಿಸಬೇಕೇ ಅನ್ನುವುದು ಆ ಪ್ರಶ್ನಾವಳಿಯಲ್ಲೇ ಇದೆ. ಅದಕ್ಕೆ ತಪ್ಪದೆ ಉತ್ತರ ಕೊಡಿ.

ಐದು ವರ್ಷ ಮುಗಿಯಲು 28 ದಿನ ಇರುವಾಗಲೇ ಅರ್ಜಿ ಹಾಕಬಹುದು. ಹತ್ತಿರದಲ್ಲಿರುವವರು ತಡ ಮಾಡಬೇಡಿ. ಲೈಫ್ ಇನ್ ದಿ ಯುಕೆ ಪರೀಕ್ಷೆ ಈಗಲೇ ಮುಗಿಸಿಬಿಡಿ, 24 ಪ್ರಶ್ನೆ, 18 ಸರಿಯಾದರೆ ಪಾಸು. ವಾಟ್ಸಾಪಿನಲ್ಲಿ ಬಂದ ಯಾರೋ ಏಜೆಂಟನ ಮಾತು ಕೇಳಿ ದುಡ್ಡು ಕಳೆದುಕೊಳ್ಳಬೇಡಿ. ಸಲಹೆ ಕೊಡುವವರು ಸಾಲಿಸಿಟರ್‌ನಂಥ ಅರ್ಹ ವಕೀಲರಾಗಿರಬೇಕು ಅಥವಾ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿಸಿರಬೇಕು.

ಫೆಬ್ರುವರಿ 1ರ ಭಾನುವಾರ, ಕನ್ನಡ ಕಲಿ ತರಗತಿ ಮುಗಿದ ಮೇಲೆ ಅದೇ ಹಾಲ್‌ನಲ್ಲಿ ಎಲ್ಲರೂ ಸೇರಿ ಪ್ರಶ್ನಾವಳಿ ತುಂಬೋಣ. ಲ್ಯಾಪ್‌ಟಾಪ್ ಇದ್ದವರು ತನ್ನಿ. ಇಂಗ್ಲಿಷ್‌ನಲ್ಲಿ ಬರೆಯಲು ಹಿಂಜರಿಯುವವರ ಪಕ್ಕ ಕೂತು ಬರೆದುಕೊಡಲು ಹಿರಿಯ ಸದಸ್ಯರು ಒಪ್ಪಿದ್ದಾರೆ, ಇನ್ನೂ ನಾಲ್ಕು ಜನ ಬೇಕು. ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ನೋಡಿಕೊಳ್ಳುತ್ತೇವೆ, ಹಾಗಾಗಿ ಮನೆಯಲ್ಲಿರುವ ಅಮ್ಮಂದಿರು ಖಂಡಿತ ಬನ್ನಿ.