ನನ್ನ ಅಜ್ಜಿಗೂ ಒಂದು ದೀಪ ಇಟ್ಟ ಮನೆಯವರಿಗೆ

ಓದು ಮುಗಿಯಿತು. ಮುಂದಿನ ವಾರ ಪೋಲೆಂಡಿನ ಕ್ರಾಕೋವ್ ಬಿಟ್ಟು ಮೈಸೂರಿಗೆ ಹೊರಡುತ್ತಿದ್ದೇನೆ. ಅದಕ್ಕೂ ಮುಂಚೆ, ನನ್ನನ್ನು ಮನೆಯಲ್ಲಿಟ್ಟುಕೊಂಡ ಕುಟುಂಬಕ್ಕೆ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳಬೇಕು. ಅದರಲ್ಲೂ ಮನೆಯ ಹಿರಿಯರಾದ ಬಾಪ್ಚಾಗೆ (ಪೋಲಿಷ್ ಭಾಷೆಯಲ್ಲಿ ಹಾಗಂದರೆ ಅಜ್ಜಿ). ಕನ್ನಡದಲ್ಲಿ ಬರೆದರೆ ಅವರಿಗೆ ಹೇಗೆ ಗೊತ್ತಾಗುತ್ತೆ ಅಂತೀರಾ? ಮೊಮ್ಮಗ ಫೋನಿನಲ್ಲಿ ಅನುವಾದ ಮಾಡಿ ಓದಿ ಹೇಳುತ್ತಾನೆ. ಅರ್ಧ ತಪ್ಪಿರುತ್ತೆ, ಪರವಾಗಿಲ್ಲ.

ಹೋದ ವರ್ಷ ಪಿತೃಪಕ್ಷದ ಹೊತ್ತಿಗೆ ನನ್ನ ಅಜ್ಜಿ ತೀರಿಕೊಂಡರು. ಇಲ್ಲಿ ವಾಸಿಸಲು ಕೊಡುವ ರೆಸಿಡೆನ್ಸ್ ಕಾರ್ಡ್ ಇನ್ನೂ ಕೈಗೆ ಬಂದಿರಲಿಲ್ಲ, ಊರಿಗೆ ಹೋಗಲಾಗಲಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಸ್ಥಿ ಬಿಟ್ಟದ್ದನ್ನು ವಿಡಿಯೋ ಕಾಲಿನಲ್ಲಿ ನೋಡಿದೆ, ಅದೂ ತುಂಡು ತುಂಡಾಗಿ. ಆಮೇಲೆ ಅಳುವೂ ಬರಲಿಲ್ಲ. ಕ್ಲಾಸು, ಲೈಬ್ರರಿ, ರೂಮು, ಅಷ್ಟೇ.

ಅಕ್ಟೋಬರ್ ಕೊನೆಗೆ ಮನೆಯಲ್ಲಿ ಗಡಿಬಿಡಿ ಶುರುವಾಯಿತು. ನವೆಂಬರ್ 1 ಸಕಲ ಸಂತರ ಹಬ್ಬ, ಮರುದಿನ ಸತ್ತವರೆಲ್ಲರ ದಿನ. ಒಂದನೇ ತಾರೀಖು ಇಲ್ಲಿ ಸರ್ಕಾರಿ ರಜೆ. ಎಲ್ಲೆಲ್ಲೋ ಇರುವವರು ತಮ್ಮವರ ಸಮಾಧಿ ಹುಡುಕಿಕೊಂಡು ಬರುತ್ತಾರೆ. ಅದಕ್ಕೂ ಮುಂಚೆ ಬಕೆಟ್ಟು, ಬ್ರಷ್ಷು ಹಿಡಿದು ಹೋಗಿ ಕಲ್ಲು ಉಜ್ಜಬೇಕು, ಎಲೆ ಗುಡಿಸಬೇಕು. ನನ್ನನ್ನೂ ಕರೆದುಕೊಂಡು ಹೋದರು. ಬಾಪ್ಚಾ ಹಳೇ ಟೂತ್‌ಬ್ರಷ್ಷಿನಿಂದ ಗಂಡನ ಹೆಸರಿನ ಒಂದೊಂದೇ ಅಕ್ಷರದ ಪಾಚಿ ತೆಗೆಯುತ್ತಿದ್ದರು. ಜೊತೆಗೆ, ನೀರು ಕಡಿಮೆ ತಂದಳು ಅಂತ ಮಗಳಿಗೆ ಬೈಗುಳ.

ಇದು ರಾಕೊವಿಟ್ಸ್ಕಿ ಸ್ಮಶಾನ, 1803ರದ್ದು. ಪೋಪ್ ಎರಡನೇ ಜಾನ್ ಪಾಲ್ ಅವರ ಅಪ್ಪ ಅಮ್ಮನ ಸಮಾಧಿಯೂ ಇಲ್ಲೇ ಇದೆ. ಹಬ್ಬದ ದಿನ ಎಲ್ಲ ಕಡೆ ಕುಂಡದಲ್ಲಿ ಸೇವಂತಿಗೆ. ಇಲ್ಲಿ ಅದು ಸಮಾಧಿಯ ಹೂ, ಯಾರ ಮನೆಗೂ ಉಡುಗೊರೆ ಒಯ್ಯುವುದಿಲ್ಲ. ದಸರಾಕ್ಕೆ ಮಾರುಗಟ್ಟಲೆ ಸೇವಂತಿಗೆ ಕೊಳ್ಳುವ ಮನೆಯವನು ನಾನು! ಗೇಟಿನಲ್ಲಿ ಸಕ್ಕರೆ ಪಾಕದ ಗಟ್ಟಿ ಮಿಠಾಯಿ ಮಾರುತ್ತಿದ್ದರು. ಹಳೇ ಸಮಾಧಿಗಳ ರಿಪೇರಿಗೆ ಅಂತ ಡಬ್ಬಿ ಹಿಡಿದವರಿದ್ದರು. ಮಕ್ಕಳು ಓಡಾಡುತ್ತಿದ್ದವು, ನೆಂಟರು ಸಿಕ್ಕಿ ಹರಟುತ್ತಿದ್ದರು. ನಾಲ್ಕೂವರೆಗೆಲ್ಲ ಕತ್ತಲು. ಗಾಜಿನ ದೀಪಗಳ ಮೇಣದ ವಾಸನೆ ಕೋಟಿಗೂ ಹತ್ತಿತ್ತು.

ಮನೆಯವರ ಸಮಾಧಿಗಳೆಲ್ಲ ಮುಗಿದ ಮೇಲೆ ಬಾಪ್ಚಾ ನನ್ನ ತೋಳು ಹಿಡಿದು ದೊಡ್ಡ ಶಿಲುಬೆಯ ಹತ್ತಿರ ಕರೆದೊಯ್ದರು. ತಮ್ಮವರ ಸಮಾಧಿ ದೂರದಲ್ಲಿರುವವರು, ಎಲ್ಲಿದೆ ಅಂತಲೇ ಗೊತ್ತಿಲ್ಲದವರು ಅದರ ಬುಡದಲ್ಲಿ ದೀಪ ಇಡುತ್ತಾರೆ. ಬಾಪ್ಚಾ ಚೀಲದಿಂದ ಕೆಂಪು ಗಾಜಿನ ದೀಪ ತೆಗೆದು, "ಇದು ನಿನ್ನ ಅಜ್ಜಿಗೆ" ಅಂದರು. ಅಜ್ಜಿಗೆ ಏನು ಇಷ್ಟ ಅಂತಲೂ ಕೇಳಿದರು. ಕಾಫಿ, ಕಡುಬು, ಪಕ್ಕದ ಮನೆ ಸುದ್ದಿ ಅಂದೆ. ನಕ್ಕರು. ನಾನು ನಗಲು ಹೋಗಿ ಅತ್ತುಬಿಟ್ಟೆ. ಯಾರೂ ಸಮಾಧಾನ ಹೇಳಲಿಲ್ಲ. ಶಿಲುಬೆ ಗುರುತು ಮಾಡು ಅಂತಲೂ ಹೇಳಲಿಲ್ಲ. ಕೈಮುಗಿದೆ. ಮಗಳು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು.

ಮರುದಿನ ಚರ್ಚಿನಲ್ಲಿ ತೀರಿಕೊಂಡವರ ಹೆಸರು ಓದುವಾಗ ನನ್ನ ಅಜ್ಜಿಯ ಹೆಸರೂ ಬಂತು. ನನ್ನನ್ನು ಕೇಳಿಕೊಂಡೇ ಬಾಪ್ಚಾ ಚೀಟಿ ಬರೆದು ಕೊಟ್ಟಿದ್ದರು. ಪಾದ್ರಿ ಎಡವಿ ಎಡವಿ ಓದಿದರು. ಅಜ್ಜಿ ಇದ್ದಿದ್ದರೆ ತಿದ್ದದೆ ಬಿಡುತ್ತಿರಲಿಲ್ಲ.

ಆ ವಾರದಿಂದಲೇ ನಾನು ಮತ್ತೆ ಸರಿಯಾಗಿ ಊಟ ಮಾಡಿದ್ದು, ಥೀಸಿಸ್ ಬರೆದದ್ದು. ಆ ದೀಪಕ್ಕೆ, ಟೀಗೆ, ಚಳಿಗಾಲದುದ್ದಕ್ಕೂ ನನಗಾಗಿ ಮಾಂಸ ಹಾಕದೆ ಮಾಡಿದ ಪಿರೋಗಿಗಳಿಗೆ (ಹೂರಣ ತುಂಬಿದ ಇಲ್ಲಿನ ಕಡುಬು) ಋಣಿ. ಊರಲ್ಲಿ ನನ್ನ ಪಾಲಿನ ಕೆಲಸವನ್ನೂ ಮಾಡಿದ ಅಣ್ಣನಿಗೂ.

ಬಾಪ್ಚಾ, ಮೈಸೂರಿಗೆ ಬರುತ್ತೇನೆ ಅಂದಿದ್ದೀರಿ, ಬರಲೇಬೇಕು. ಅಮ್ಮ ಈಗಲೇ ರೂಮು ಖಾಲಿ ಮಾಡಿಸಿದ್ದಾರೆ. ನಿಮಗೆ ಖಾರ ಕಡಿಮೆ ಹಾಕುತ್ತಾರಂತೆ. ನಾನಂತೂ ನಂಬಲ್ಲ.