ಚರ್ಚಿನಲ್ಲಿ ಸಿಕ್ಕ ಆ ಅಮ್ಮನಿಗೆ

ಹೋದ ಭಾನುವಾರ ಕೋಲಾರದಲ್ಲಿ ಆರಾಧನೆ ಮುಗಿದ ಮೇಲೂ ಕೂತೇ ಇದ್ದೆ. ಬೆಂಗಳೂರಿನ ಕೆಲಸ ಒಪ್ಪಿಕೊಳ್ಳಲಾ, ಬೇಡವಾ? 'ಹೋಗು' ಅಂತ ಒಳಗೆ ಕೇಳಿಸಿದ್ದು ದೇವರ ಸ್ವರವೋ, ನನ್ನ ಆಸೆಯೋ ತಿಳಿಯದೆ ಅಳು ಬಂದಿತ್ತು.

ಚಾಪೆ ಸುತ್ತುತ್ತಿದ್ದ ನೀವು ಬಂದು ಪಕ್ಕದಲ್ಲಿ ಕೂತಿರಿ. ಹೆಸರೂ ಕೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬೈಬಲ್ ತೆಗೆದು, 1 ಸಮುವೇಲ 3ನೇ ಅಧ್ಯಾಯದ ಮೇಲೆ ಬೆರಳಿಟ್ಟಿರಿ. "ದೇವರು ಕರೆದ್ರೆ ಹುಡುಗ ಸಮುವೇಲ, ಯಾಜಕ ಏಲಿನೇ ಕರೆದ್ರು ಅಂದ್ಕೊಂಡು ಮೂರು ಸಲವೂ ಅವರ ಹತ್ರ ಓಡಿದ. ಗುರುತು ಹಿಡಿಯೋಕೆ ಅವನಿಗೂ ಬರ್ತಿರಲಿಲ್ಲ ಕಣಮ್ಮಾ. ದೇವರು ಬಿಟ್ನಾ? ಮತ್ತೆ ಕರೆದ. ವಾಕ್ಯ ಓದು, ಹಿರಿಯರನ್ನ ಕೇಳು. ಅವಸರ ಯಾಕೆ?"

ಉಪದೇಶ ಅಂದರೆ ನನಗೆ ಅಲರ್ಜಿ. ಇದು ಹಾಗಿರಲಿಲ್ಲ, ಎದೆ ಹಗುರಾಯಿತು. ಫ್ಲಾಸ್ಕಿನ ಮುಚ್ಚಳದಲ್ಲಿ ಕೊಟ್ಟ ಟೀಗೆ ಸಕ್ಕರೆ ಜಾಸ್ತಿ ಇತ್ತು. ಅದೂ ಬೇಕಿತ್ತು ಅನ್ನಿ. ಕಂಪನಿಯವರ ಹತ್ತಿರ ಸ್ವಲ್ಪ ಟೈಮ್ ಕೇಳಿದ್ದೇನೆ. ಥ್ಯಾಂಕ್ಸ್ ಅಮ್ಮಾ.