ಭೂಗೋಳ ಓದಿಸಿದವರಿಗೆ

ಯುಪಿಎಸ್‌ಸಿ ಅಂತಿಮ ಪಟ್ಟಿಯಲ್ಲಿ ಹೆಸರು ಬಂದಾಗಿನಿಂದ ಫೋನ್ ಸುಮ್ಮನಾಗಿಲ್ಲ. ಹಾರೈಸಿದ ಎಲ್ಲರಿಗೂ ಥ್ಯಾಂಕ್ಸ್. ಒಬ್ಬೊಬ್ಬರಿಗೂ ಉತ್ತರ ಕೊಡಲು ಆಗುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ಕೆಲವರ ಬಗ್ಗೆ ಇಲ್ಲಿ ಹೇಳಲೇಬೇಕು.

ನನ್ನ ಐಚ್ಛಿಕ ವಿಷಯ ಭೂಗೋಳ, ಬರೆದದ್ದು ಕನ್ನಡದಲ್ಲಿ. ಎರಡು ಪತ್ರಿಕೆ, 500 ಅಂಕ. ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತವೆ. ಉತ್ತರವನ್ನು ಕನ್ನಡದಲ್ಲಿ ಬರೆಯಬಹುದು. ‘ಕನ್ನಡದಲ್ಲಿ ಭೂಗೋಳನಾ? ಪುಸ್ತಕ ಎಲ್ಲಿದೆ?’ ಎಂದವರೇ ಜಾಸ್ತಿ. ಪುಸ್ತಕ ಕಡಿಮೆ ಅನ್ನೋದು ನಿಜವೇ.

ಮೊದಲ ನಮಸ್ಕಾರ ನನ್ನ ಸೋದರಮಾವನಿಗೆ. ಅವರು ಲಾರಿ ಡ್ರೈವರ್. ಎರಡನೇ ಪತ್ರಿಕೆಯಲ್ಲಿ ಭಾರತದ ಖಾಲಿ ನಕಾಶೆ ಕೊಟ್ಟು 10 ಜಾಗ ಗುರುತಿಸಲು ಹೇಳುತ್ತಾರೆ. ಒಂದೊಂದರ ಮಹತ್ವವನ್ನೂ 30 ಪದದೊಳಗೆ ಬರೆಯಬೇಕು. ಒಟ್ಟು 20 ಅಂಕ, ಬಿಡುವ ಹಾಗಿಲ್ಲ. ಮಾವ ಊರಿಗೆ ಬಂದಾಗಲೆಲ್ಲ ನಕಾಶೆ ಹಿಡಿದು ಅವರ ತಲೆ ತಿನ್ನುತ್ತಿದ್ದೆ. ಪಾಲಕ್ಕಾಡ್ ಕಂಡಿ ಬಗ್ಗೆ ಕೇಳಿದರೆ, ‘ಅಲ್ಲಿ ಶಿರಾಡಿ ತರ ಹತ್ತೋದು ಇಳಿಯೋದು ಇಲ್ಲ ಕಣೋ, ಸಲೀಸಾಗಿ ಕೊಯಮತ್ತೂರು ಕಡೆಯಿಂದ ಕೇರಳಕ್ಕೆ ಹೋಗ್ಬಹುದು. ಗಾಳಿ ಮಾತ್ರ ಟಾರ್ಪಾಲ್ ಕಿತ್ತು ಎಸೆಯುತ್ತೆ’ ಅಂದರು. ನೀಲಗಿರಿಗೂ ಆನೆಮಲೆಗೂ ನಡುವೆ ಘಟ್ಟ ತುಂಡಾಗಿರುವುದು, ಮುಂಗಾರು ಗಾಳಿ ಅದರೊಳಗೆ ನುಗ್ಗುವುದು, ರಸ್ತೆ ರೈಲು ಎರಡೂ ಅಲ್ಲೇ ಹಾಯುವುದು, ಎಲ್ಲ ಆ ಟಾರ್ಪಾಲಿನ ಜೊತೆಗೇ ತಲೆಯಲ್ಲಿ ಕೂತಿತು.

ಇನ್ನೊಬ್ಬರು ಭದ್ರಾವತಿಯ ನಮ್ಮ ಪಕ್ಕದ ಮನೆಯ ಅಜ್ಜ, ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕೈಗಾರಿಕೆ ಎಲ್ಲಿ ನೆಲೆಯೂರುತ್ತದೆ ಎಂಬ ಬಗ್ಗೆ ಜರ್ಮನ್ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ವೆಬರ್ 1909ರಲ್ಲಿ ಮಂಡಿಸಿದ ಸಿದ್ಧಾಂತ ನನಗೆ ಪುಸ್ತಕದಲ್ಲಿನ ಬರೀ ತ್ರಿಕೋನದ ಚಿತ್ರವಾಗಿ ಕಾಣುತ್ತಿತ್ತು. ಅಜ್ಜ ಜಗಲಿಯಲ್ಲಿ ಕೂತು ಬಿಡಿಸಿ ಹೇಳಿದರು. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಸುತ್ತಲಿನ ಕಾಡಿನಿಂದ, ನೀರು ಭದ್ರೆಯಿಂದ. ‘ಲೋಡುಗಟ್ಟಲೆ ಕಲ್ಲು ಇದ್ದಿಲು ಸುಟ್ಟರೆ ಕಬ್ಬಿಣ ಉಳಿಯೋದು ಎಷ್ಟು ಹೇಳು? ಅದನ್ನ ದೂರ ಹೊತ್ತುಕೊಂಡು ಹೋಗಿ ಯಾರು ಸುಡ್ತಾರೆ?’ ತೂಕ ಕಳೆದುಕೊಳ್ಳುವ ಕಚ್ಚಾವಸ್ತು ಇರುವ ಕಡೆಗೇ ಕಾರ್ಖಾನೆ ವಾಲುತ್ತದೆ ಎಂದು ವೆಬರ್ ಹೇಳಿದ್ದೂ ಇದನ್ನೇ ಅಲ್ವಾ? 1918ರಲ್ಲಿ ಹುಟ್ಟಿ 1923ರಲ್ಲಿ ಉತ್ಪಾದನೆ ಶುರು ಮಾಡಿದ ನಮ್ಮೂರ ಕಾರ್ಖಾನೆ ಆಮೇಲೆ ನನ್ನ ಎಷ್ಟೋ ಉತ್ತರಗಳಲ್ಲಿ ಉದಾಹರಣೆಯಾಗಿ ಬಂತು. ಈಗ ಅದರ ಸ್ಥಿತಿ ನೋಡಿದರೆ ಸಂಕಟವಾಗುತ್ತದೆ, ಆ ಮಾತು ಬೇರೆ.

ಬೆಂಗಳೂರಿನ ವಿಜಯನಗರದ ರೂಮ್‌ಮೇಟ್‌ಗೆ ಏನು ಹೇಳಲಿ? ಅವನ ವಿಷಯ ಕನ್ನಡ ಸಾಹಿತ್ಯ, ಭೂಗೋಳದ ಗಂಧಗಾಳಿ ಇಲ್ಲ. ಆದರೂ ನನ್ನ ಪ್ರತಿ ಉತ್ತರ ಓದಿ, ಅಂಚಿನಲ್ಲಿ ಕೆಂಪು ಪೆನ್ನಿನಿಂದ ‘ಚಿತ್ರ ಎಲ್ಲಿ?’ ಎಂದು ಗೀಚುತ್ತಿದ್ದ. ಓದಿದ್ದು ಅವನಿಗೆ ಅರ್ಥವಾಗದಿದ್ದರೆ ಮತ್ತೆ ಬರೆಸುತ್ತಿದ್ದ. ಅವನು ಮುಂದಿನ ತಿಂಗಳು ಮತ್ತೆ ಪ್ರಿಲಿಮ್ಸ್ ಬರೆಯುತ್ತಿದ್ದಾನೆ, ನಿಮ್ಮ ಹಾರೈಕೆ ಅವನಿಗೂ ಇರಲಿ.

ಅಪ್ಪ ಅಮ್ಮನಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾರೆ, ಬಿಡಿ.

ಕನ್ನಡದಲ್ಲಿ ಭೂಗೋಳ ಬರೆಯಲು ಹೊರಟವರು ಕೇಳಿದರೆ ನನ್ನ ನೋಟ್ಸ್ ಕೊಡುತ್ತೇನೆ, ದುಡ್ಡು ಬೇಡ. ಸ್ಕ್ಯಾನ್ ಮಾಡುತ್ತಿದ್ದೇನೆ. ವಾಯುಗುಣದ ಭಾಗದಲ್ಲಿ ಅಕ್ಷರ ಕೋಳಿ ಕಾಲು, ಸ್ವಲ್ಪ ಸಹಿಸಿಕೊಳ್ಳಿ.